ಹಿತ್ತಲಿಗೆ ಶಹಾಬಾದ ಕಲ್ಲು ಹಾಸಿದ ಮಳೆಗಾಲ

ಈ ವರ್ಷದ ಮೊದಲ ಮಳೆ ಪುಣೆಯ ಪಕ್ಕದ ನಮ್ಮ ನಿಗಡಿಗೆ ಸಂಜೆ ಚಹಾದ ಹೊತ್ತಿಗೆ ಬಂತು. ಚಾಕಣದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದ ನಾನು ನಿವೃತ್ತನಾಗಿ ಇನ್ನೂ ಹೆಚ್ಚು ದಿನವಾಗಿಲ್ಲ. ವಾರದ ನಡುವೆ ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಮಳೆಯ ದಾರಿ ಕಾಯುವ ಸುಖ ನನಗೆ ಹೊಸದು. ಹೆಂಡತಿ ಸುಮಿತ್ರಾ ಒಳಗೆ ಚಹಾಕ್ಕೆ ಇಟ್ಟಿದ್ದಳು. ದುರ್ಗಾ ಟೇಕಡಿಯ ಗುಡ್ಡದ ಕಡೆಯಿಂದ ಗಾಳಿ ಎದ್ದು, ದಪ್ಪ ದಪ್ಪ ಹನಿಗಳು ಕಾದ ಕಲ್ಲಿನ ಮೇಲೆ ಬಿದ್ದವು. ಬಿದ್ದಲ್ಲಿ ಕರಿಯ ಚುಕ್ಕಿ ಮೂಡಿ, ನೋಡುವಷ್ಟರಲ್ಲಿ ಆರಿಹೋಗುತ್ತಿತ್ತು.

ಆಮೇಲೆ ಆ ವಾಸನೆ ಎದ್ದಿತು. ಮಳೆಗೆ ನೆನೆದ ಮಣ್ಣಿನ ವಾಸನೆಯನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲಿ. ಕಾದ ಶಹಾಬಾದ ಕಲ್ಲು ನೆನೆದಾಗ ಬರುವ ವಾಸನೆ ಬೇರೆಯೇ. ಅದರಲ್ಲಿ ತುಸು ಸುಣ್ಣವಿದೆ, ತುಸು ಹೊಗೆಯಿದೆ. ಚಿಕ್ಕಂದಿನಲ್ಲಿ ಅವ್ವ ಬೀಸುವಾಗ ಪಕ್ಕದಲ್ಲಿ ಮಲಗಿದ್ದರೆ ಬೀಸುಕಲ್ಲಿನ ಬಾಯಿಂದ ಬರುತ್ತಿದ್ದ ಬೆಚ್ಚನೆಯ ಹಿಟ್ಟಿನ ಗಾಳಿಯೂ ಅದರಲ್ಲಿದೆ ಎಂದು ನನಗೆ ಅನಿಸುತ್ತದೆ. ಅದು ಮೂಗಿಗೆ ಹತ್ತಿತೆಂದರೆ ಮುಗಿಯಿತು. ಕೂತಲ್ಲಿಂದಲೇ ನಾನು ಆ ಇನ್ನೊಂದು ಮಳೆಗಾಲಕ್ಕೆ, ಈ ಹಿತ್ತಲಿಗೆ ಕಲ್ಲು ಹಾಸಿಸಿದ ಮಳೆಗಾಲಕ್ಕೆ ಹೋಗಿಬಿಡುತ್ತೇನೆ.

ಅದು ಸುಮಿತ್ರಾಳ ಕಣ್ಣು ಆರುತ್ತಿದ್ದ ವರ್ಷ. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗುತ್ತಿದೆ, ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಆದಷ್ಟು ದಿನ ಕಾಯ್ದುಕೊಳ್ಳೋಣ ಎಂದು ಪುಣೆಯ ಡಾಕ್ಟರರು ಹೇಳಿದ್ದರು. ಕತ್ತಲೆ ಅಂಚಿನಿಂದ ಒಳಗೆ ಬರುತ್ತಿತ್ತು. "ಬಳಿಯೊಳಗಿಂದ ನೋಡಿದಂಗ ಕಾಣ್ತದ್ರಿ" ಎಂದು ಅವಳೇ ಒಮ್ಮೆ ತನ್ನ ಕೈಬಳೆಯೊಂದನ್ನು ತೆಗೆದು ನನ್ನ ಕಣ್ಣಿಗೆ ಹಿಡಿದು ತೋರಿಸಿದ್ದಳು. ಬಳೆಯೊಳಗೆ ಅವಳ ಮುಖ ಇತ್ತು, ಸುತ್ತ ಏನೂ ಇರಲಿಲ್ಲ. ದಿನ ಕಳೆದ ಹಾಗೆ ಬಳೆ ಸಣ್ಣದಾಗುತ್ತಿತ್ತು.

ಆಗ ಈ ಹಿತ್ತಲು ಹಿತ್ತಲಿನಂತೆ ಇರಲಿಲ್ಲ. ನಮ್ಮದು ಸಾಲು ಮನೆ. ಅಡುಗೆಮನೆಯ ಬಾಗಿಲು ತೆರೆದರೆ ನಾಲ್ಕೂ ಕಡೆ ಗೋಡೆಯ ಒಂದಿಷ್ಟು ಬಯಲು, ಅಷ್ಟೇ. ಎಡಕ್ಕೆ ನಳ, ನಡುವೆ ತುಳಸಿ ಕಟ್ಟೆ, ಅದರಾಚೆ ಬಟ್ಟೆ ಒಣಹಾಕುವ ಹಗ್ಗ, ಮೂಲೆಯಲ್ಲಿ ಮಲ್ಲಿಗೆಯ ಚಪ್ಪರ. ನೆಲಕ್ಕೆ ಮಾತ್ರ ದಿಕ್ಕು ದೆಸೆ ಇರಲಿಲ್ಲ. ಒಡೆದ ಫರಸಿ ಕಲ್ಲು, ಇಟ್ಟಿಗೆಯ ಚೂರು, ಕರಿಕೆ ಹುಲ್ಲು. ಬೇಸಿಗೆಯ ಆರಂಭದಲ್ಲಿ ಸುಮಿತ್ರಾ ತುಳಸಿಗೆ ನೀರು ಹಾಕಲು ಹೋದವಳು ಒಂದು ಎದ್ದ ಕಲ್ಲಿನ ಅಂಚಿಗೆ ಎಡವಿ ಬಿದ್ದಳು. ಗದ್ದ ಒಡೆಯಿತು. ಅವತ್ತಿನಿಂದ ನಾನು ಒಂದು ಕಾಯಿದೆ ಮಾಡಿದೆ. ಹಿತ್ತಲಿಗೆ ಹೋಗುವುದಿದ್ದರೆ ನನ್ನ ಕೈ ಹಿಡಿದೇ ಹೋಗಬೇಕು, ನಾನಿಲ್ಲದಾಗ ಹೋಗಕೂಡದು.

ಅವಳು ಸುಮ್ಮನೆ ಕೇಳುವ ಹೆಂಗಸಲ್ಲ. "ನನ್ನ ಹಿತ್ತಲಕ್ಕ ನಾ ಹೋಗಲಿಕ್ಕೆ ನೀವು ಚಾಕಣದಿಂದ ಬರೋ ತನಕಾ ಕಾಯಬೇಕೇನ್ರಿ?" ಎಂದಳು. "ಇವತ್ತ ಹಿತ್ತಲಾ, ನಾಳೆ ಅಡಗಿಮನಿ. ಹಿಂಗ ಒಂದೊಂದ ಬಿಟ್ಟುಕೋತ ಹೋದ್ರ ಕಡೀಕ ಮಂಚ ಒಂದ ಉಳೀತದ."

ಮರುದಿನದಿಂದಲೇ ಕಲ್ಲು ಹಾಸುವವರನ್ನು ಹುಡುಕಲು ಶುರುಮಾಡಿದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಕಟ್ಟಿದ ಮನೆಯ ಹಿತ್ತಲನ್ನು ರಿಪೇರಿ ಮಾಡಿಸಿ ನೋಡು ಎಂದು ಅದಕ್ಕೆ ಸೇರಿಸಬೇಕು. ಮೊದಲು ಬಂದ ಗುತ್ತೇದಾರ ಅದನ್ನು ಪ್ಯಾಟಿಯೊ ಎಂದು ಕರೆದ. ಮೊಬೈಲಿನಲ್ಲಿ ಕಾರಂಜಿ, ಬಣ್ಣದ ದೀಪ, ಕಟ್ಟಿಗೆಯಂತೆ ಕಾಣುವ ಟೈಲ್ಸು ಎಲ್ಲ ತೋರಿಸಿ, "ರಿಸಾರ್ಟಸಾರಖಂ ದಿಸೇಲ್, ಕಾಕಾ" ಎಂದ. ರಿಸಾರ್ಟಿನ ಹಾಗೆ ಕಾಣುತ್ತದಂತೆ. ಸುಮಿತ್ರಾ ಒಳಗಿನಿಂದಲೇ, "ನನಗ ರಿಸಾರ್ಟ್ ಬ್ಯಾಡ, ನಳದ ತನಕ ಹೋಗಲಿಕ್ಕೆ ಬಂದ್ರ ಸಾಕು" ಎಂದಳು. ಎರಡನೆಯವನು ಟೇಪು ಹಿಡಿದು ಮೂಲೆ ಮೂಲೆ ಅಳೆದು, ಚಹಾ ಕುಡಿದು, "ಉದ್ಯಾ ಯೇತೋ" ಎಂದು ಹೋದ. ಅವನ ನಾಳೆ ಇನ್ನೂ ಬಂದಿಲ್ಲ.

ಮೂರನೆಯ ಗುತ್ತೇದಾರ ಭೀಮಾಶಂಕರ ಸಿಕ್ಕಿದ್ದು ಪಕ್ಕದ ಓಣಿಯಲ್ಲಿ. ಅಲ್ಲಿ ಫುಟ್‌ಪಾತಿಗೆ ಕಲ್ಲು ಕೂರಿಸುತ್ತಿದ್ದರು. ಕೆಲಸ ಅಚ್ಚುಕಟ್ಟಾಗಿತ್ತು, ಸಂದಿನಲ್ಲಿ ಕಾಸು ತೂರುವಷ್ಟೂ ಜಾಗ ಇರಲಿಲ್ಲ. ನಡುವಯಸ್ಸಿನ, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡವನೊಬ್ಬ ಮೇಲ್ವಿಚಾರಣೆ ಮಾಡುತ್ತಿದ್ದ. "ದಾದಾ, ಅಂಗಣಾತ್ ಫರಶೀ ಬಸವಾಯಚೀ ಆಹೇ" ಎಂದು ನಾನು ನನ್ನ ಮರಾಠಿ ತೆಗೆದೆ, ಅಂಗಳಕ್ಕೆ ಕಲ್ಲು ಕೂರಿಸಬೇಕಿತ್ತು ಎಂದು. ಅವನೂ ಮರಾಠಿಯಲ್ಲೇ ಉತ್ತರ ಕೊಡುತ್ತಿದ್ದ. ಅಷ್ಟರಲ್ಲಿ ಅವನಿಗೆ ಫೋನು ಬಂತು. "ಯವ್ವಾ, ನಾ ಉಂಡೀನಿ, ನೀ ಉಣ್ಣು" ಎಂದು ಅವನು ಹೇಳಿದ್ದೇ ತಡ, ನಾನು "ಯಾವೂರು?" ಎಂದೆ. ಅವನು ಫೋನು ಕಿವಿಗೆ ಹಿಡಿದುಕೊಂಡೇ ನಕ್ಕ. ಊರು ಕಲಬುರಗಿ ಜಿಲ್ಲೆ, ಶಹಾಬಾದದ ಕಲ್ಲಿನ ಗಣಿಗಳ ಆಸುಪಾಸು. ನಮ್ಮದು ಬೆಳಗಾವಿ ಸೀಮೆ. ಪುಣೆಯಲ್ಲಿ ಅಷ್ಟು ಸಾಕು, ಬೀಗರಾಗುವುದಷ್ಟೇ ಬಾಕಿ.

ಮರುದಿನ ಅವನು ಎರಡು ತುಂಡು ಕಲ್ಲು ಹಿಡಿದು ಬಂದ. ಒಂದು ಗಣಿಯಿಂದ ಪದರ ಬಿಡಿಸಿದಂತೆಯೇ ಇದ್ದ ಒರಟು ಕಲ್ಲು. ಇನ್ನೊಂದು ಪಾಲಿಶ್ ಮಾಡಿದ್ದು. ಸುಮಿತ್ರಾ ಚಪ್ಪಲಿ ಬಿಟ್ಟು ಎರಡನ್ನೂ ನೆಲಕ್ಕಿರಿಸಲು ಹೇಳಿದಳು. ಒಂದರ ಮೇಲೆ ನಿಂತಳು, ಇಳಿದಳು, ಇನ್ನೊಂದರ ಮೇಲೆ ನಿಂತಳು. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಅದನ್ನೇ ಮಾಡಿದಳು. ಅವಳ ಮುಖದಲ್ಲಿ ನಾನು ಬಹಳ ದಿನದಿಂದ ನೋಡದ ಒಂದು ನಗು ಬಂತು.

"ಬಾಗಿಲದಿಂದ ನಳಕ್ಕ, ನಳದಿಂದ ತುಳಸಿಗೆ, ಅಲ್ಲಿಂದ ಹಗ್ಗಕ್ಕ, ಇಷ್ಟು ದಾರಿಗೆ ಒರಟ ಕಲ್ಲು ಹಾಕು ತಮ್ಮಾ. ಉಳಿದದ್ದಕ್ಕೆಲ್ಲಾ ಪಾಲಿಶಿಂದು" ಎಂದಳು.

ಭೀಮಾಶಂಕರ ತಲೆ ಕೆರೆದುಕೊಂಡ. "ಅಕ್ಕಾರ, ನಡು ನಡುವ ಒರಟ ಹಾಕಿದ್ರ ನೋಡಿದವ್ರು ಏನಂತಾರ್ರಿ? ತ್ಯಾಪಿ ಹಚ್ಚಿದಂಗ ಕಾಣ್ತದ. ನನ್ನ ಹೆಸರ ಕೆಡ್ತದ್ರಿ."

"ನಮಗ ಡಿಸೈನ್ ಹಂಗ ಬೇಕಪ್ಪಾ" ಎಂದು ನಾನು ನಡುವೆ ಬಾಯಿ ಹಾಕಿದೆ.

ಯಾಕೆ ಎಂದು ಹೇಳುವಂತಿರಲಿಲ್ಲ. ಕಣ್ಣಿನ ವಿಷಯ ಓಣಿಯಲ್ಲಿ ಯಾರಿಗೂ ಗೊತ್ತಾಗಬಾರದು ಎಂದು ಸುಮಿತ್ರಾ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಅಯ್ಯೋ ಪಾಪ ಎನ್ನುವವರು ಬಾಗಿಲಿಗೆ ಬರುವುದು ಅವಳಿಗೆ ಬೇಡವಾಗಿತ್ತು. ನಿಜವಾಗಿ ಕುರುಡಾಗುವ ಮೊದಲೇ ಜನ ತನ್ನನ್ನು ಕುರುಡಿ ಮಾಡಿಬಿಡುತ್ತಾರೆ ಎನ್ನುತ್ತಿದ್ದಳು. ಭೀಮಾಶಂಕರ ದೊಡ್ಡ ಮನೆಯವರ ಹುಚ್ಚು ಎಂದುಕೊಂಡಿರಬೇಕು, ಒಪ್ಪಿಕೊಂಡ.

ಆ ಬೇಸಿಗೆಯ ಕೊನೆಯ ದಿನಗಳು ನನಗೆ ಈಗ ಒಂದೇ ಉದ್ದದ ಮಧ್ಯಾಹ್ನದಂತೆ ನೆನಪಾಗುತ್ತವೆ. ಲಾರಿಯಿಂದ ಕಲ್ಲಿಳಿಸುವ ಸಪ್ಪಳ. ಗೋಡೆಯಿಂದ ಗೋಡೆಗೆ ಎಳೆದ ಬಿಳಿ ದಾರ, ಅದರ ಮೇಲೆ ಕೂತ ಒಂದು ಏರೋಪ್ಲೇನ್ ಹುಳು. ಒದ್ದೆ ಉಸುಕಿನ ತಂಪು. ಸುಮಿತ್ರಾ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ತನಗೆ ಉಳಿದಿದ್ದ ಆ ಬಳೆಯಷ್ಟು ಬೆಳಕಿನಲ್ಲಿ ಒಂದೊಂದೇ ಕಲ್ಲು ಕೂರುವುದನ್ನು ನೋಡುತ್ತಿದ್ದಳು. ಇಡೀ ಹಿತ್ತಲು ಅವಳಿಗೆ ಒಮ್ಮೆಗೆ ಕಾಣುತ್ತಿರಲಿಲ್ಲ. ತಲೆಯನ್ನು ನಿಧಾನವಾಗಿ ತಿರುಗಿಸುತ್ತ, ನೋಡಿದ್ದನ್ನು ನೋಡದಿರುವುದಕ್ಕೆ ಜೋಡಿಸಿಕೊಳ್ಳುತ್ತಿದ್ದಳು. ಭಾನುವಾರ ನಾನೂ ಗೋಡೆಯ ಬುಡದಲ್ಲಿ, ಬೆಳಗಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತ ಕೂರುತ್ತಿದ್ದೆ. ಓದುವುದಕ್ಕಿಂತ, ಕೆಲಸದವರ ಗುದ್ದಲಿ ಪುಟ್ಟಿಗಳನ್ನು ಸಾಲಾಗಿ ಇಡಿಸುವುದೇ ನನ್ನ ಕೆಲಸ. ಪ್ರತಿ ವಸ್ತುವಿಗೂ ಒಂದು ಜಾಗ ಇರಬೇಕು, ಪ್ರತಿ ವಸ್ತುವೂ ಆ ಜಾಗದಲ್ಲಿರಬೇಕು. ಸ್ಟೋರ್ ಕೀಪರನ ಬುದ್ಧಿ ಅದು, ಚಿತೆಯ ಮೇಲೂ ಹೋಗುವುದಿಲ್ಲ.

ಭೀಮಾಶಂಕರನ ಅವ್ವ ಯಲ್ಲವ್ವ ಆಗ ನಮ್ಮ ಮನೆಗೆ ಬರತೊಡಗಿದಳು. ಕೆಲಸದವರ ಶೆಡ್ಡಿನಲ್ಲಿ ಒಬ್ಬಳೇ ಇದ್ದು ಬೇಸರವಾಗಿ, ಮಗನ ಮೋಟರ್‌ಸೈಕಲ್ಲಿನ ಹಿಂದೆ ಕೂತು ಬರುತ್ತಿದ್ದಳು. ಹಣೆ ತುಂಬ ಕುಂಕುಮ, ಕೈ ತುಂಬ ಹಚ್ಚೆ. ಮೊಣಕಾಲು ನೋವಿದ್ದರೂ ಬಾಯಿಗೆ ನೋವಿರಲಿಲ್ಲ. ಇಬ್ಬರೂ ಹೊಸ್ತಿಲ ಮೇಲೆ ಕೂತು ಶೇಂಗಾ ಸುಲಿಯುತ್ತ, ಈ ಪುಣೆಯಲ್ಲಿ ಜೋಳದ ರೊಟ್ಟಿಗೆ ರುಚಿಯೇ ಇಲ್ಲವೆಂದು ಮಾತಾಡುತ್ತ ಹೊತ್ತು ಕಳೆಯುತ್ತಿದ್ದರು.

ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಕಲ್ಲು ಹಾಸಿ ಮುಗಿದಿತ್ತು. ಸಂದು ತುಂಬುವುದಷ್ಟೇ ಉಳಿದಿತ್ತು. ಅಮಾವಾಸ್ಯೆ ದಿನ ನಮ್ಮ ಕಡೆಯ ಗೌಂಡಿಗಳು ಕೆಲಸಕ್ಕೆ ಕೈ ಹಚ್ಚುವುದಿಲ್ಲ. ಆದರೂ ಅವತ್ತು ತಾಯಿ ಮಗ ಇಬ್ಬರೂ ಬಂದರು. ಹಿತ್ತಲು ಅಗೆದಾಗ ಬಂದ ಕರಿಮಣ್ಣನ್ನು ಯಲ್ಲವ್ವ ಎತ್ತಿಟ್ಟಿದ್ದಳು. ಅದನ್ನೇ ನಾದಿ ಒಂದು ಜೋಡಿ ಎತ್ತು ಮಾಡಿ ತಂದಿದ್ದಳು. ಸುಮಿತ್ರಾ ಅವುಗಳ ಬೆನ್ನಿನ ಇಣಿ, ಕೋಡು, ಬಾಲ ಎಲ್ಲವನ್ನೂ ಬೆರಳಿನಿಂದ ಸವರಿದಳು. ಆಮೇಲೆ ಯಲ್ಲವ್ವನನ್ನು ಮಣೆಯ ಮೇಲೆ ಕೂರಿಸಿ, ತನ್ನ ಪೆಟ್ಟಿಗೆಯೊಳಗಿನ ಒಂದು ಇಳಕಲ್ ಸೀರೆ ಕೊಟ್ಟು, ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಪ್ಪಸದ ಕಣ ಹಾಕಿ ಉಡಿ ತುಂಬಿದಳು. ಯಲ್ಲವ್ವ ಉಡಿ ಕಟ್ಟಿಕೊಂಡಳು. "ಪುಣಾಕ್ಕ ಬಂದ ಮ್ಯಾಲ ಯಾರೂ ನನ್ನ ಉಡಿ ತುಂಬಿರಲಿಲ್ಲ ಯವ್ವಾ" ಎಂದಳು.

ಆ ಸಂಜೆ ಅವರು ಹೋದ ಮೇಲೆ ಸುಮಿತ್ರಾ ಬರಿಗಾಲಲ್ಲಿ ಹೊಸ ದಾರಿ ಹಿಡಿದಳು. "ಕೈ ಬಿಡ್ರಿ" ಎಂದಳು. ಬಿಟ್ಟೆ. ಬಿಟ್ಟರೂ, ಹೊಸದಾಗಿ ಸೈಕಲ್ ಕಲಿಯುವ ಕೂಸಿನ ಹಿಂದೆ ಓಡುವ ಅಪ್ಪನ ಹಾಗೆ ಎರಡೂ ಕೈ ಚಾಚಿಕೊಂಡು ಹಿಂದೆಯೇ ಹೋದೆ. ಕಾಲು ಒರಟು ಬಿಟ್ಟು ನುಣುಪಿಗೆ ತಾಗಿದರೆ ಅವಳು ತಕ್ಷಣ ಸರಿದು ದಾರಿಗೆ ಬರುತ್ತಿದ್ದಳು. ಬಾಗಿಲಿಂದ ನಳಕ್ಕೆ ಹೋದಳು, ತುಳಸಿಗೆ ಹೋದಳು, ಹಗ್ಗದ ತನಕ ಹೋಗಿ ಮೇಲೆ ಕೈ ಎತ್ತಿ ಹಗ್ಗ ಹಿಡಿದು ನಿಂತಳು. "ಇನ್ನ ಎಷ್ಟರ ಕತ್ತಲಿ ಆಗವಲ್ದ್ಯಾಕ" ಎಂದಳು. ನನಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

ಮರುದಿನ, ಸಂದು ತುಂಬಲೆಂದು ಹಿತ್ತಲ ಗೋಡೆಯ ಸಣ್ಣ ಬಾಗಿಲಿನ ಕೀಲಿಯನ್ನು ಭೀಮಾಶಂಕರನಿಗೆ ಕೊಟ್ಟು ನಾವು ಹುಬ್ಬಳ್ಳಿಗೆ ಹೋದೆವು. ಅವಳ ತಂಗಿಯ ಒತ್ತಾಯ, ಅಲ್ಲೊಬ್ಬ ಕಣ್ಣಿನ ಡಾಕ್ಟರರಿಗೂ ಒಮ್ಮೆ ತೋರಿಸಬೇಕೆಂದು. ಅವರೂ ಅದನ್ನೇ ಹೇಳಿದರು, ಸ್ವಲ್ಪ ಮೆತ್ತಗೆ ಹೇಳಿದರು ಅಷ್ಟೇ. ವಾರ ಕಳೆದು ಬೆಳಗಿನ ರೈಲಿಗೆ ಪುಣೆಯಲ್ಲಿಳಿದಾಗ ಮೋಡ ಕಟ್ಟಿತ್ತು. ದಾರಿಯುದ್ದಕ್ಕೂ ಸುಮಿತ್ರಾ ರಿಕ್ಷಾದ ಹೊರಗೆ ನೋಡುತ್ತ ಕೂತಿದ್ದಳು. ಮನೆಗೆ ಬಂದವಳೇ ಚಪ್ಪಲಿ ಬಿಟ್ಟು ನೆಟ್ಟಗೆ ಅಡುಗೆಮನೆ ದಾಟಿ ಹಿತ್ತಲ ಬಾಗಿಲು ತೆಗೆದಳು.

ಹಿತ್ತಲು ಫಳಫಳ ಹೊಳೆಯುತ್ತಿತ್ತು. ಬಾಗಿಲಿನಿಂದ ಆಚೆ ಗೋಡೆಯ ತನಕ, ಮೂಲೆಯಿಂದ ಮೂಲೆಗೆ, ಮೋಡ ಕೂಡ ಅದರಲ್ಲಿ ಕಾಣುವಷ್ಟು ಹೊಳಪು. ಭೀಮಾಶಂಕರ ಹೊಸ ಅಂಗಿ ತೊಟ್ಟು ನಮಗಾಗಿಯೇ ಕಾಯುತ್ತ ನಿಂತಿದ್ದ. ಪಕ್ಕದಲ್ಲಿ ಯಲ್ಲವ್ವ, ಮೈಮೇಲೆ ಆ ಇಳಕಲ್ ಸೀರೆ.

"ಮಶೀನ್ ತಂದ ಹೊಡಿಸೀನ್ರಿ ಸಾಹೇಬ್ರ. ಇದು ನಮ್ಮ ಕಡಿಂದ" ಎಂದ. "ಉಡಿ ತುಂಬಿದ ಮನಿ ಅದು, ಅವರ ಹಿತ್ತಲದಾಗ ಒಂದೂ ಒರಟ ಕಲ್ಲು ಬಿಟ್ಟು ಎದ್ದೀಯಂದ್ರ ನೋಡು ಅಂತ ಅವ್ವ ಕೂತಳು. ಹುಡುಗೂರೆಲ್ಲಾ ಕೂಡಿ ತಿಕ್ಕೀವ್ರಿ. ಈಗ ಎಲ್ಲಾ ಒಂದ ಸಮ ಆಗ್ಯಾದ ನೋಡ್ರಿ ಅಕ್ಕಾರ."

ಸುಮಿತ್ರಾ ಒಂದು ಕಾಲು ಕೆಳಗಿಟ್ಟಳು. ಪಾದವನ್ನು ಎಡಕ್ಕೆ ಸವರಿದಳು, ಬಲಕ್ಕೆ ಸವರಿದಳು. ಎಲ್ಲ ಕಡೆ ಒಂದೇ ನುಣುಪು. ಕಾಲನ್ನು ಮೆಲ್ಲಗೆ ಹೊಸ್ತಿಲಿನ ಒಳಗೆ ಎಳೆದುಕೊಂಡಳು. "ಭಾಳ ಛಲೋ ಆಗೇದ ತಮ್ಮಾ" ಎಂದಳು. ಒಳಗೆ ಹೋಗಿ ಅವರಿಬ್ಬರಿಗೂ ಧಾರವಾಡದ ಫೇಡೆ ಕೊಟ್ಟು ಕಳಿಸಿದಳು. ಅವರು ಹೋದ ಮೇಲೆ ಮಂಚದ ತುದಿಗೆ ಕೂತು, "ಬರದಿದ್ದ ಪಾಟಿ ಒರಿಸಿಬಿಟ್ರಲ್ರೀ" ಎಂದು ಅತ್ತಳು.

ಕಣ್ಣಿನ ಸುದ್ದಿ ಕೇಳಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಹೇಳಿದ್ದು ಬಿಟ್ಟು ಹೇಳದ್ದು ಮಾಡಲು ಇವನಿಗೆ ಯಾರು ಹೇಳಿದ್ದರು? ಆದರೆ ಯಾರಿಗೆ ಬೈಯುವುದು? ಪ್ರೀತಿಯಿಂದ ತಿಕ್ಕಿದವನಿಗೆ? ಉಡಿಯ ಋಣ ತೀರಿಸಿದ ಮುದುಕಿಗೆ? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಆದರೂ ಫೋನು ಕೈಗೆತ್ತಿಕೊಂಡೆ. ಸುಮಿತ್ರಾ ಅದನ್ನು ನನ್ನ ಕೈಯಿಂದ ಕಸಿದುಕೊಂಡಳು.

"ನೀವು ಬೈಬ್ಯಾಡ್ರಿ. ತಪ್ಪು ಅವರದಲ್ಲ. ನಾವ ಯಾಕಂತ ಹೇಳಲೇ ಇಲ್ಲ" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ಯಲ್ಲವ್ವನ್ನ ಕರಸ್ರಿ. ನಾನ ಹೇಳ್ತೀನಿ."

ಮರುದಿನ ಯಲ್ಲವ್ವ ಬಂದಳು. ಹೊರಗೆ ಆಷಾಢದ ಜಿಟಿಜಿಟಿ ಹಿಡಿದಿತ್ತು. ಸುಮಿತ್ರಾ ಅವಳ ಕೈ ಹಿಡಿದುಕೊಂಡು, "ಯಲ್ಲವ್ವಾ, ನನ್ನ ಕಣ್ಣು ಹೊಂಟಾವ. ಇನ್ನೊಂದೀಟ ದಿನಾ, ಆಮ್ಯಾಲ ಏನೂ ಕಾಣಂಗಿಲ್ಲ. ಆ ಒರಟ ಕಲ್ಲ ನನ್ನ ದಾರಿ ಇತ್ತು" ಎಂದಳು. ಮನೆಯ ಹೊರಗಿನವರಿಗೆ ಅವಳು ಆ ಮಾತು ಹೇಳಿದ್ದು ಅದೇ ಮೊದಲು.

ಯಲ್ಲವ್ವ ಅಯ್ಯೋ ಪಾಪ ಎನ್ನಲಿಲ್ಲ. ಎದ್ದು ಬಾಗಿಲಿಗೆ ಹೋಗಿ ಹೊಳೆಯುವ ನೆಲವನ್ನು ನೋಡುತ್ತ ನಿಂತಳು. "ಎಂಥಾ ಕೆಲಸಾ ಮಾಡಿದ್ನೆ ಯವ್ವಾ" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ತಿರುಗಿ ಕೇಳಿದಳು, "ನಿಮ್ಮ ತವರಮನ್ಯಾಗ ಬೀಸೂಕಲ್ಲ ಇತ್ತಿಲ್ಲೋ?"

"ಇತ್ತು."

"ಅದಕ್ಕ ಮುಳ್ಳ ಹಾಕಲಿಕ್ಕೆ ಯಾರ ಬರ್ತಿದ್ರು?"

ಸುಮಿತ್ರಾಳ ಮುಖ ಮೆಲ್ಲಗೆ ಅರಳಿತು. ಬೀಸುಕಲ್ಲು ಸವೆದು ನುಣ್ಣಗಾದರೆ ಕಾಳು ಜಾರುತ್ತದೆ, ಹಿಟ್ಟಾಗುವುದಿಲ್ಲ. ಆಗ ಸಣ್ಣ ಉಳಿಯಿಂದ ಅದರ ಮೈಗೆ ಚುಕ್ಕಿ ಹೊಡೆದು ಮತ್ತೆ ಒರಟು ಮಾಡಬೇಕು. ಅದಕ್ಕೆ ಮುಳ್ಳು ಹಾಕುವುದು ಎನ್ನುತ್ತಾರೆ. ನಮ್ಮ ಚಿಕ್ಕಂದಿನಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಹೆಂಗಸರು ಓಣಿ ಓಣಿ ಕೂಗುತ್ತ ಬರುತ್ತಿದ್ದರು. ಯಲ್ಲವ್ವ ಪ್ರಾಯದಲ್ಲಿ ಅವರಲ್ಲೊಬ್ಬಳು. ಗಿರಣಿ ಬಂದು, ಮಿಕ್ಸರ್ ಬಂದು ಆ ಕೂಗು ನಿಂತಿತ್ತು. ಉಳಿಯನ್ನು ಮಾತ್ರ ಅವಳು ಪುಣೆಗೂ ತಂದಿದ್ದಳು.

ಆಷಾಢವಿಡೀ ನಮ್ಮ ಹಿತ್ತಲಿನಲ್ಲಿ ಟಕ್ ಟಕ್ ಸದ್ದು. ಭೀಮಾಶಂಕರ ನಾಲ್ಕು ಬಿದಿರು ನೆಟ್ಟು ಹಸಿರು ತಾಡಪತ್ರಿ ಕಟ್ಟಿಕೊಟ್ಟ. ಪಾಪ, ಅವನು ಸುಮಿತ್ರಾಳ ಮುಖ ನೋಡಲಾರದೆ ಎಷ್ಟೋ ದಿನ ಬಾಗಿಲಲ್ಲೇ ಅವ್ವನನ್ನು ಇಳಿಸಿ ಓಡುತ್ತಿದ್ದ. ತಾನೇ ಉಳಿ ಹಿಡಿಯಲು ಒಮ್ಮೆ ಮುಂದಾದ. "ನಿನ್ನ ಕೈ ಜೋರದ. ಪದರಗಲ್ಲು ಇದು, ಎದ್ದ ಬರ್ತದ, ಸರಿ ಅತ್ಲಾಗ" ಎಂದು ಯಲ್ಲವ್ವ ಗದರಿಸಿದಳು. ತಾಡಪತ್ರಿಯ ಮೇಲೆ ಮಳೆ, ಕೆಳಗೆ ಹಸಿರು ಬೆಳಕು, ಆ ಬೆಳಕಿನಲ್ಲಿ ಇಬ್ಬರು ಹೆಂಗಸರು. ಒಬ್ಬಳು ಕಲ್ಲಿಗೆ ಬಾಗಿ ಉಳಿ ಇಡುತ್ತಿದ್ದಳು, ಇನ್ನೊಬ್ಬಳು ಹೊಡೆದಷ್ಟನ್ನು ಬರಿಗಾಲಿನಿಂದ ಸವರಿ ನೋಡುತ್ತಿದ್ದಳು. ನಾನು ಕೆಲಸದಿಂದ ಬಂದು ಬೂಟು ಬಿಚ್ಚದೆ ಬಾಗಿಲಲ್ಲಿ ನಿಂತುಬಿಡುತ್ತಿದ್ದೆ. ಎಚ್ಚರವೋ ಕನಸೋ ತಿಳಿಯದ ಹಾಗೆ ಇರುತ್ತಿತ್ತು.

ಒರಟು ಕಲ್ಲಿದ್ದಾಗ ದಾರಿ ಎಲ್ಲ ಒಂದೇ ಥರ ಇತ್ತು. ಈಗ ಸುಮಿತ್ರಾ ಬೇರೆ ಬೇರೆ ಬೇಡಿದಳು. ಬಾಗಿಲಿಂದ ನಳದ ತನಕ ಅಡ್ಡಗೆರೆ. ನಳದಿಂದ ತುಳಸಿಗೆ ಚುಕ್ಕಿ. ತುಳಸಿಯಿಂದ ಹಗ್ಗಕ್ಕೆ ಓರೆ ಗೆರೆ. ತಿರುವು ಬರುವಲ್ಲಿ ಒತ್ತೊತ್ತಾಗಿ ಹೊಡೆದ ಮುಳ್ಳು. ಎಲ್ಲಿದ್ದೇನೆ ಎಂದು ನಿಂತ ಜಾಗದಲ್ಲೇ ಗೊತ್ತಾಗುತ್ತದೆ ಎಂದಳು. ಕೊನೆಯ ದಿನಗಳಲ್ಲಿ, ದಾರಿಗೆ ಸಂಬಂಧವೇ ಇಲ್ಲದ ಒಂದು ಕಲ್ಲಿಗೂ ಯಲ್ಲವ್ವ ಮುಳ್ಳು ಹಾಕುತ್ತಿದ್ದುದನ್ನು ನೋಡಿದೆ. ಅಡ್ಡಗೆರೆಯ ಪಕ್ಕ, ಗೋಡೆಯ ಬುಡದ ಹತ್ತಿರ ಒಂಟಿ ಕಲ್ಲು. ಅದರ ಮೇಲೆ ಸಣ್ಣ ಸಣ್ಣ ಸುತ್ತು.

"ಇದ್ಯಾಕ ಇಲ್ಲಿ?" ಎಂದೆ. ಸಾಲು ತಪ್ಪಿದ್ದು ನನ್ನ ಕಣ್ಣಿಗೆ ಚುಚ್ಚುತ್ತಿತ್ತು.

"ಅಕ್ಕಾರ ಹೇಳ್ಯಾರ್ರಿ" ಎಂದಳು ಯಲ್ಲವ್ವ.

"ಇರ್ಲಿ ಬಿಡ್ರಿ" ಎಂದಳು ಸುಮಿತ್ರಾ. ಉಳಿ ಪರೀಕ್ಷೆ ಮಾಡಿದ ಕಲ್ಲಿರಬೇಕು ಎಂದುಕೊಂಡು ನಾನು ಒಳಗೆ ಹೋದೆ.

ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಸುಮಿತ್ರಾ ತುಂಬಿದ ತಂಬಿಗೆ ಹಿಡಿದು ಒಬ್ಬಳೇ ತುಳಸಿಯ ತನಕ ಹೋಗಿ ಬಂದಳು. ನನ್ನನ್ನು ಬಾಗಿಲ ಒಳಗೆ ನಿಲ್ಲಿಸಿ, ಕೈ ಚಾಚಬಾರದೆಂದು ಕಟ್ಟಪ್ಪಣೆ ಮಾಡಿದ್ದಳು. ಮಳೆ ಬಿಟ್ಟಿತ್ತು. ಒದ್ದೆ ಕಲ್ಲು ಕರಿನೀಲಿ ಬಣ್ಣಕ್ಕೆ ತಿರುಗಿತ್ತು. ನಡುವೆ ಒಮ್ಮೆ ನಿಂತು ಕಾಲಬೆರಳಿನಿಂದ ಕಲ್ಲನ್ನು ತಡವಿ, ತಲೆಯಾಡಿಸಿ ಮುಂದೆ ಹೋದಳು. ತಂಬಿಗೆಯ ನೀರು ಒಂದು ಹನಿಯೂ ಚೆಲ್ಲಲಿಲ್ಲ. ಯಲ್ಲವ್ವ ಹೊಸ್ತಿಲ ಮೇಲೆ ಕೂತು ಸೆರಗು ಬಾಯಿಗೊತ್ತಿಕೊಂಡಿದ್ದಳು. ಭೀಮಾಶಂಕರ ಅವತ್ತು ಮೊದಲ ಸಲ ತಲೆಯೆತ್ತಿ ಅವಳ ಕಡೆ ನೋಡಿದ.

ಚಳಿಗಾಲ ಕಳೆಯುವ ಹೊತ್ತಿಗೆ ಅವಳ ಬಳೆ ಪೂರ್ತಿ ಮುಚ್ಚಿತು. ಕೊನೆಯಲ್ಲಿ ಸರಿಯಾಗಿ ಕಂಡದ್ದು ಏನು ಎಂದು ನಾನು ಒಮ್ಮೆ ಕೇಳಿದ್ದೆ. ಶ್ರಾವಣದ ಒದ್ದೆ ಕಲ್ಲಿನ ಬಣ್ಣ ಎಂದಳು. ಯಲ್ಲವ್ವ ಈಗ ಇಲ್ಲ. ಭೀಮಾಶಂಕರ ದಸರೆಗೆ ಬನ್ನಿ ಕೊಡಲು ಬರುತ್ತಾನೆ; ಬಂದರೆ ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು, ಅವ್ವ ಹೊಡೆದ ಗೆರೆಗಳ ಮೇಲೆ ಒಮ್ಮೆ ಬರಿಗಾಲಲ್ಲಿ ನಡೆದು ಹೋಗುತ್ತಾನೆ. ಮುಳ್ಳು ಅಷ್ಟಿಷ್ಟು ಸವೆದಿದೆ. ಸುಮಿತ್ರಾಳ ಕಾಲಿಗೆ ಅದು ಸಾಕು.

ಈ ಸಲದ ಮೊದಲ ಮಳೆಯಲ್ಲಿ ನಾನು ಇದನ್ನೆಲ್ಲ ನೆನೆಯುತ್ತ ಕೂತಿದ್ದಾಗ ಅವಳು ಚಹಾದ ಕಪ್ಪು ಹಿಡಿದು ಹೊರಗೆ ಬಂದಳು. ಅಡ್ಡಗೆರೆಗಳ ಮೇಲೆ ನಾಲ್ಕು ಹೆಜ್ಜೆ ಹಾಕಿ, ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಸುತ್ತು ಸುತ್ತಿನ ಆ ಒಂಟಿ ಕಲ್ಲಿನ ಮೇಲೆ ಎರಡೂ ಪಾದ ಊರಿ ನಿಂತಳು. ಕಪ್ಪನ್ನು ಗೋಡೆಯ ಬುಡದ ಕಡೆಗೆ ಚಾಚಿ, "ತಗೋರಿ" ಎಂದಳು.

ಅಲ್ಲಿ ಯಾರೂ ಇರಲಿಲ್ಲ. ನಾನು ದೂರದ ಮೂಲೆಯಲ್ಲಿ ಮಲ್ಲಿಗೆ ಚಪ್ಪರದ ಕೆಳಗಿದ್ದೆ. ನಿವೃತ್ತನಾದಾಗಿನಿಂದ ಇಡೀ ದಿನ ಹಿತ್ತಲಲ್ಲೇ ಇರುತ್ತೇನಲ್ಲ, ಬಿಸಿಲು ಸರಿದ ಹಾಗೆ ಕುರ್ಚಿ ಎಳೆದುಕೊಂಡು ನೆರಳಿನ ಹಿಂದೆ ಹೋಗುವ ಚಟ ಹತ್ತಿತ್ತು. ಅವಳು ಚಾಚಿದ ಕಪ್ಪಿನೊಳಗೆ ಮಳೆ ಹನಿ ಬೀಳುತ್ತಿತ್ತು.

"ಇಲ್ಲಿದ್ದೀನಲ್ಲಾ" ಎಂದೆ.

ಅವಳ ಮುಖ ನನ್ನ ದನಿಯ ಕಡೆ ತಿರುಗಿತು. "ಅಲ್ಲ್ಯಾಕ ಕೂತೀರಿ?"

"ನೆರಳಿತ್ತು."

"ಮೊದಲೆಲ್ಲಾ ಭಾನುವಾರಕ್ಕೊಮ್ಮೆ ಕೂಡ್ತಿದ್ರೂ ಇಲ್ಲೇ ಕೂಡ್ತಿದ್ರಿ. ಈಗ ದಿನಾ ಮನ್ಯಾಗ ಇರ್ತೀರಿ, ಬಂದ ನೋಡ್ತೀನಿ, ಇರೂದಿಲ್ಲ. ಒಳಗ ಹೋದ್ರೇನೋ ಅನಕೊಂಡು ಹೊಳ್ಳಿ ಹೋಗ್ತೀನಿ" ಎಂದಳು. ಆಮೇಲೆ ಕಾಲಬೆರಳಿನಿಂದ ಆ ಕಲ್ಲನ್ನು ಮೆಲ್ಲಗೆ ಕೆರೆದಳು. "ಇದು ನಿಮ್ಮ ಕಲ್ಲ್ರಿ. ಯಲ್ಲವ್ವಗ ಹೇಳಿ ಹಾಕಿಸಿದ್ದೆ. ಇಡೀ ಜನ್ಮ ನಟ್ಟಿಗೊಂದ ಜಾಗಾ, ಬೋಲ್ಟಿಗೊಂದ ಜಾಗಾ ಅಂತ ಕುಣದ್ರಿ. ನೀವ ಎಲ್ಲಿರ್ತೀರಿ ಅಂತ ನನ್ನ ಕಾಲಿಗೆ ಗೊತ್ತಿರಬ್ಯಾಡೇನು?"

ನನಗೆ ಕಣ್ಣು ತುಂಬಿತು. ಅವಳಿಗೆ ಕಾಣುವುದಿಲ್ಲ ಎಂದು ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಆದರೆ ಅವಳಿಗೆ ಗೊತ್ತಾಗಿರುತ್ತದೆ, ಅವಳಿಂದ ನಾನು ಏನನ್ನೂ ಮುಚ್ಚಿಟ್ಟದ್ದಿಲ್ಲ. ಕುರ್ಚಿಯನ್ನು ಎತ್ತಿ ತಂದು ಗೋಡೆಯ ಬುಡಕ್ಕೆ ಇಟ್ಟೆ. ಕೂತೆ. ಅವಳು ಕೈ ಚಾಚಿದಳು, ಕಪ್ಪು ಸರಿಯಾಗಿ ನನ್ನ ಕೈಗೆ ಬಂತು. ಅರ್ಧ ಚಹಾ, ಅರ್ಧ ಮಳೆ. ಕುಡಿದೆ.

ಈಗ ಕುರ್ಚಿ ಅಲ್ಲೇ ಇರುತ್ತದೆ. ಬಿಸಿಲು ಬಂದರೆ ತಲೆಗೆ ಟವೆಲ್ ಸುತ್ತಿಕೊಳ್ಳುತ್ತೇನೆ, ಮಳೆ ಬಂದರೆ ಕೊಡೆ ಬಿಚ್ಚುತ್ತೇನೆ. ಎದುರು ಮನೆಯವರು ಮಹಡಿಯಿಂದ ನೋಡಿ, ರಿಟೈರ್ ಆದ ಮೇಲೆ ಕಾಕಾಗೆ ಏನೋ ಆಗಿದೆ ಎಂದು ಮಾತಾಡಿಕೊಳ್ಳುತ್ತಾರಂತೆ. ಮಾತಾಡಿಕೊಳ್ಳಲಿ.